ಕ್ಯಾಡಿಲಾಕ್‌ನೊಳಗೆ ಉಳಿದ ಹಾಡು

"ಒಂದು ಹಾಡು ಕಾಪಿ ಮಾಡಲಿಕ್ಕೆ ಅಂಗಡಿಯವನ ಕಾಲು ಹಿಡಿಯಬೇಕಾ? ನಮ್ಮ ಕುಟುಂಬದಲ್ಲೇ ಮೊದಲ ಬಿ.ಕಾಂ. ನಾನು. ಈ ಕೆಲಸ ನನ್ನ ಕೈಯಿಂದಲೇ ಆಗಬೇಕು" ಎಂದು ಸದಾನಂದ ಘೋಷಿಸಿದ. ಕುವೈತಿನ ಸಲ್ವಾದ ಫ್ಲಾಟಿನಲ್ಲಿ ಅವನ ಹೆಂಡತಿ ರತ್ನಾವತಿ ಕಾವಲಿಯಿಂದ ನೀರುದೋಸೆ ಎಬ್ಬಿಸುತ್ತಿದ್ದಳು.

"ಬಿ.ಕಾಂ.ನಲ್ಲಿ ಕ್ಯಾಸೆಟ್ ಕಲಿಸಿದ್ದರಾ?" ಎಂದಷ್ಟೇ ಕೇಳಿದಳು.

ವಿಷಯ ನಗುವಂಥದ್ದಾಗಿರಲಿಲ್ಲ. ಗೆಳೆಯ ರುಡಾಲ್ಫ್ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕುವೈತಿನಲ್ಲಿ ನಮ್ಮ ಕಡೆಯವರ ಯಾವ ಮದುವೆಯಾದರೂ, ಕೊಂಕಣಿಯವರದಿರಲಿ ತುಳುವರದಿರಲಿ, ಹಾಡಲು ಅವನೇ ಬೇಕು. ವಾರದ ಉಳಿದ ದಿನಗಳಲ್ಲಿ ಸುಲೈಬಿಯಾದ ಶೆಡ್ಡೊಂದರಲ್ಲಿ ಅಬು ಫಹದ್ ಎಂಬ ಹಿರಿಯರ ಹಳೆಯ ಅಮೇರಿಕನ್ ಕಾರುಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಒಂದು ಲಿಂಕನ್, ಒಂದು ಬ್ಯೂಕ್, ಮತ್ತು ಹಡಗಿನಷ್ಟು ಉದ್ದದ ಕೆನೆಬಣ್ಣದ ಕ್ಯಾಡಿಲಾಕ್. ರುಡಾಲ್ಫ್ ಅವುಗಳನ್ನು ತೊಳೆಯುತ್ತಿರಲಿಲ್ಲ, ಮೀಯಿಸುತ್ತಿದ್ದ. ಬ್ಯೂಕಿನ ಬಾಗಿಲು ಹಾಕಿ, ಆ 'ಧಪ್' ಎಂಬ ಗಂಭೀರ ಸದ್ದಿನಿಂದಲೇ ಶ್ರುತಿ ಹಿಡಿದು ಹಾಡಲು ಶುರುಮಾಡುತ್ತಿದ್ದ. "ಈಗಿನ ಕಾರುಗಳ ಬಾಗಿಲು ಡಬ್ಬಿಯ ಮುಚ್ಚಳ ಮಾರಾಯ, ಅದಕ್ಕೆ ಯಾವ ಶ್ರುತಿ?" ಎನ್ನುತ್ತಿದ್ದ.

ಹೆಂಡತಿ ಇನೆಜ್‌ಗಾಗಿ ಅವನೇ ಒಂದು ಹಾಡು ಕಟ್ಟಿದ್ದ. ಮದುವೆಯ ಬೆಳ್ಳಿಹಬ್ಬದ ದಿನ ಅವರನ್ನು ಕ್ಯಾಡಿಲಾಕ್‌ನಲ್ಲಿ ಕೂರಿಸಿ ಕೇಳಿಸಬೇಕೆಂದು ಕ್ಯಾಸೆಟ್ಟಿನಲ್ಲಿ ರೆಕಾರ್ಡು ಮಾಡಿ ಕಾರಿನೊಳಗೇ ಇಟ್ಟಿದ್ದ. ಆ ದಿನ ಬರುವ ಮೊದಲೇ ಅವನ ಎದೆಬಡಿತ ನಿಂತಿತು.

"ಆ ಕಾರಿಗೆ ನಾನು ಕಾಲಿಡುವುದಿಲ್ಲ ಸದಾನಂದಣ್ಣ. ಕ್ಯಾಸೆಟ್ ಹಾಕಲು ಮನೆಯಲ್ಲೂ ಏನಿಲ್ಲ. ಹಾಡು ಮಾತ್ರ ಮೊಬೈಲಿಗೆ ಹಾಕಿ ತಂದುಕೊಡಿ" ಎಂದು ಇನೆಜ್ ಬಾಯಿ ಕೇಳಿಕೊಂಡಿದ್ದರು. ಜಗತ್ತಿನಲ್ಲಿ ಆ ಹಾಡಿಗೆ ಇದ್ದದ್ದು ಅದೊಂದೇ ಪ್ರತಿ.

ಶುಕ್ರವಾರ ಮಧ್ಯಾಹ್ನ ಸದಾನಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸುಲೈಬಿಯಾಕ್ಕೆ ದಂಡೆತ್ತಿ ಹೋದ. ಅಬು ಫಹದ್ ಕೀಲಿಕೈ ಕೊಟ್ಟು, "ಯಲ್ಲಾ, ಕೂತು ಕೇಳು. ಬಾಗಿಲು ಜೋರಾಗಿ ಹಾಕಿದರೆ ಮಾತ್ರ ಖಲಾಸ್" ಎಂದು ಅರಬ್ಬಿ ಬೆರೆತ ಹಿಂದಿಯಲ್ಲಿ ಎಚ್ಚರಿಸಿ ಊಟಕ್ಕೆ ಹೊರಟರು.

ಶೆಡ್ಡಿನೊಳಗೆ ಜನರೇಟರಿನ ಗದ್ದಲ. ಆದ್ದರಿಂದ ನಮ್ಮ ಪದವೀಧರ ಕ್ಯಾಡಿಲಾಕನ್ನು ಮೆಲ್ಲಗೆ ಹೊರಗೆ ತಂದು ಬಯಲಿನಲ್ಲಿ ನಿಲ್ಲಿಸಿದ. ಕ್ಯಾಸೆಟ್ ಪ್ಲೇಯರಿಗೆ ತಳ್ಳಿದ, ಸ್ಪೀಕರಿನ ಎದುರು ಮೊಬೈಲ್ ಹಿಡಿದ. ಮೊದಲ ಸಲ ರೆಕಾರ್ಡಾದದ್ದು ಏಸಿಯ ಭೋರ್ಗರೆತ. ಏಸಿ ನಿಲ್ಲಿಸಿದ. ಎರಡನೆಯ ಸಲ ಹಾಡು ಏರುವ ಹೊತ್ತಿಗೆ ಮೊಬೈಲೇ ಬಡಿದುಕೊಂಡಿತು.

"ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ" ಎಂದಳು ರತ್ನಾವತಿ.

"ನಾನೀಗ ಒಂದು ಐತಿಹಾಸಿಕ ಕೆಲಸದಲ್ಲಿದ್ದೇನೆ."

"ಹಾಗಾದರೆ ಪುದಿನವೂ ಇರಲಿ."

ಫೋನು ಬಾರದಂತೆ ಮಾಡಿ, ಗಾಜುಗಳನ್ನೆಲ್ಲ ಏರಿಸಿ, ಎಂಜಿನ್ನೂ ನಿಲ್ಲಿಸಿ ಮೂರನೆಯ ಸಲ ಕುಳಿತ. ಹೊರಗೆ ಜುಲೈ ತಿಂಗಳ ಬಿಸಿಲು. ಒಳಗೆ ಇಡ್ಲಿ ಬೇಯುವಷ್ಟು ಹಬೆ. ರುಡಾಲ್ಫ್ ಮೊದಲ ಸಾಲು ಹಾಡಿದ. ಕೊಂಕಣಿ ಕ್ರೈಸ್ತರ ರೋಸಿನಲ್ಲಿ, ಅಂದರೆ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರದಲ್ಲಿ, ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳಬೇಕು. ಬ್ರಹ್ಮಚಾರಿಗಳಾಗಿ ಒಂದೇ ಕೋಣೆಯಲ್ಲಿದ್ದ ಕಾಲದಿಂದ ರುಡಾಲ್ಫ್ ಹೇಳಿದ್ದನ್ನು ಎತ್ತಿಕೊಳ್ಳುವವನು ಸದಾನಂದ. ಸಾಲು ಮುಗಿಯಿತು. ಬಾಯಿ ತಾನಾಗಿ ತೆರೆಯಿತು. ಒಮ್ಮೆ ಸೇರಿಕೊಂಡವನು ಚರಣದ ಮೇಲೆ ಚರಣ ಬಿಡಲಿಲ್ಲ. ಕಣ್ಣು ಮುಚ್ಚಿ, ಬೆವರು ಸುರಿಸಿ, ಗೆಳೆಯನ ಪಕ್ಕದಲ್ಲೇ ಕುಳಿತವನಂತೆ ಹಾಡಿದ.

ಹಾಡು ಮುಗಿದ ಮೇಲೆ ತಾನು ಮಾಡಿದ್ದೇನೆಂದು ತಿಳಿಯಿತು. ಇನ್ನೊಂದು ಸಲ ಎಂದು ಗುಂಡಿ ಒತ್ತಿದ. ಕಾವಿಗೆ ಮೆತ್ತಗಾದ ಟೇಪು ಯಂತ್ರದೊಳಗೆ ಸುತ್ತಿಕೊಂಡಿತು. ಎಳೆದ. ಶ್ಯಾವಿಗೆಯ ಹಾಗೆ ಬಂತು. ಮತ್ತೆ ಎಳೆದ. ತುಂಡಾಗಿ ಬಂತು.

ಮನೆಗೆ ಬಂದು ಮೊಬೈಲಿನಲ್ಲಿದ್ದುದನ್ನು ಹೆಂಡತಿಗೆ ಕೇಳಿಸಿದ. ಅವಳು ಬಹಳ ಹೊತ್ತು ಸಹಿಸಿಕೊಂಡು, ನಡುವೆಯೇ ನಿಲ್ಲಿಸಿದಳು.

"ಇದರಲ್ಲಿ ರುಡಾಲ್ಫ್ ಎಲ್ಲಿದ್ದಾರೆ?"

"ಹಿಂದೆ ಇದ್ದಾನೆ. ಸರಿಯಾಗಿ ಕಿವಿಗೊಡು."

"ನೀವು ಎದುರಿಗೆ ನಿಂತರೆ ಯಾರು ಕಾಣುತ್ತಾರೆ ಮಾರಾಯ್ರೆ?" ಎಂದವಳು, ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ನಾನೂ ಬರುತ್ತೇನೆ."

ಇನೆಜ್ ಬಾಯಿಯ ಮನೆಯಲ್ಲಿ ಸದಾನಂದ ಎಲ್ಲವನ್ನೂ ಒಪ್ಪಿಸಿದ, ಜನರೇಟರಿನಿಂದ ಹಿಡಿದು ತುಂಡಾದ ಟೇಪಿನವರೆಗೆ. ಅವರು ಮೊಬೈಲಿಗೆ ಕೈಚಾಚಿದರು. ಹಾಡು ಶುರುವಾಯಿತು. ಮಗಳು ಆಶ್ಲಿ ಕೋಣೆಯಿಂದ ಇಣುಕಿ, "ಮಮ್ಮಾ, ಹೂ ಈಸ್ ದಿ ಅದರ್ ಮ್ಯಾನ್?" ಎಂದಳು. ಸದಾನಂದ ನೆಲ ನೋಡಿದ.

ಕೊನೆಯ ಚರಣಕ್ಕೆ ಬಂದಾಗ ಮೊಬೈಲಿನಲ್ಲಿ ಒಂದೇ ಸ್ವರ ಉಳಿಯಿತು. ರುಡಾಲ್ಫ್ ಒಬ್ಬನೇ, ತಿಳಿಯಾಗಿ, ಹತ್ತಿರ ಕುಳಿತು ಹೇಳುವಂತೆ ಹೆಂಡತಿಯ ಹೆಸರು ಹಿಡಿದು ಹಾಡುತ್ತಿದ್ದ. ಇನೆಜ್ ಬಾಯಿ ಆ ಭಾಗವನ್ನೇ ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಿದರು. ಆಮೇಲೆ ಇನ್ನೊಮ್ಮೆ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಲ್ಲಿ ಮಾತ್ರ ನೀವು ಯಾಕೆ ಹಾಡಲಿಲ್ಲ ಸದಾನಂದಣ್ಣ?"

"ನಿಮ್ಮ ಹೆಸರು ಬಂತಲ್ಲ. ಅಳು ಬಂತು. ಸ್ವರವೇ ಹೊರಡಲಿಲ್ಲ."

ಇನೆಜ್ ಬಾಯಿ ಗೋಡೆಯ ಶಿಲುಬೆಯ ಕಡೆ ತಿರುಗಿ, ಹಣೆ ಎದೆ ಮುಟ್ಟಿಕೊಂಡರು.

"ದೇವರು ದೊಡ್ಡವನು" ಎಂದರು.