ಒಂದು ಟ್ರಾಮಿಗೆ ಒಂದು ತುತ್ತು

ಆಯ್ಕೆಗಳು ಕಡಿಮೆಯಿದ್ದಷ್ಟೂ ಮನುಷ್ಯನಿಗೆ ನೆಮ್ಮದಿ ಎಂಬುದನ್ನು ನಾನು ಸ್ವೀಡನ್ನಿಗೆ ಬಂದ ಮೇಲೆ ಕಂಡುಕೊಂಡೆ. ನನ್ನ ಕಾಲದಲ್ಲಿ ಶಿಶುವಿಹಾರವೆಂದರೆ ನಮ್ಮ ಬೀದಿಯ ಕೊನೆಯಲ್ಲಿದ್ದ ಒಂದು ಕೋಣೆ. ಅಳುತ್ತ ಹೋಗಬಹುದಿತ್ತು, ಇಲ್ಲವೇ ಅಳದೆ ಹೋಗಬಹುದಿತ್ತು. ನಮಗಿದ್ದ ಆಯ್ಕೆ ಅಷ್ಟೇ. ಈಗ ನಮ್ಮ ಮೂರು ವರ್ಷದ ಮಿಂಚುವಿಗೆ ದಾಗಿಸ್, ಅಂದರೆ ಇಲ್ಲಿನ ಶಿಶುವಿಹಾರ, ಹುಡುಕಲು ಕುಳಿತರೆ ನನ್ನ ಎಕ್ಸೆಲ್ ಶೀಟು ಪರದೆಯ ಆಚೆಗೂ ಬೆಳೆಯಿತು. ಕೊಮ್ಯೂನಿನವರು, ಅಂದರೆ ನಮ್ಮ ನಗರಸಭೆಯಂಥವರು, ನಡೆಸುವುದು ಒಂದು ಬಗೆ. ಮಳೆಯಿರಲಿ ಹಿಮವಿರಲಿ ಮಕ್ಕಳನ್ನು ಕಾಡಿನಲ್ಲೇ ಬಿಡುವುದು ಇನ್ನೊಂದು ಬಗೆ. ತನ್ನ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು. ಅಪ್ಪ ಅಮ್ಮನೂ ಮಗುವಿನ ಜೊತೆಗೇ ಕೂತು ಚಪ್ಪಾಳೆ ತಟ್ಟಬೇಕಾದ ಜಾಗವೂ ಇತ್ತು. ಕೊನೆಯ ಸಾಲಿನಲ್ಲಿದ್ದದ್ದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ: ಪೋಷಕರೇ ಸೇರಿ ನಡೆಸುವ ದಾಗಿಸ್!

ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗನ ಶಾಲೆಯಲ್ಲಿ ಪೋಷಕರೆಂದರೆ ಗೇಟಿನಿಂದಾಚೆ ನಿಲ್ಲಬೇಕಾದ ಪ್ರಾಣಿಗಳು. ವಾಚ್‌ಮನ್ ಕಣ್ಣು ಬಿಟ್ಟರೆ ಬೆನ್ನು ತೋರಿಸಬೇಕು. ಇಲ್ಲಿ ಪೋಷಕರೇ ಯಜಮಾನರು! ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಥರ ಒಂದು ಕಮಿಟಿ, ವರ್ಷಕ್ಕೊಂದು ಸಭೆ, ಅದರಲ್ಲಿ ನನ್ನದೊಂದು ಪುಟ್ಟ ಭಾಷಣ ಎಂದೆಲ್ಲ ಕಲ್ಪಿಸಿಕೊಂಡೆ. ಲಿಂಡ್‌ಹೋಲ್ಮೆನ್‌ನ ನಮ್ಮ ಆಫೀಸಿನಲ್ಲಿ ಕಾಫಿ ಕುಡಿಯುವಾಗ ಹುಬ್ಬಳ್ಳಿಯ ಇಮ್ತಿಯಾಜ್ ಎಚ್ಚರಿಸಿದ: "ಸರ್, ಅಲ್ಲಿ ಭಾಷಣ ಗೀಷಣ ಏನೂ ಇಲ್ಲ. ನಿಮ್ಮ ಕೈಲೇ ಟಾಯ್ಲೆಟ್ ತೊಳೆಸ್ತಾರೆ ನೋಡಿ." ನಾನು ನಕ್ಕೆ. ಮಿಂಚುವನ್ನು ಅಲ್ಲಿಗೇ ಸೇರಿಸಿದೆವು. ಮೊದಲ ಸಭೆಯಲ್ಲೇ ನನಗೆ ಎರಡು ಹುದ್ದೆಗಳು ದೊರೆತವು. ತಿಂಗಳಿಗೊಂದು ಶನಿವಾರ ಟಾಯ್ಲೆಟ್ ತೊಳೆಯುವುದು ಒಂದು. ಟೀಚರ್ ಕಾಯಿಲೆ ಬಿದ್ದ ದಿನ ಅವರ ಬದಲಿಗೆ ಮಕ್ಕಳನ್ನು ನೋಡಿಕೊಳ್ಳುವುದು ಎರಡನೆಯದು. ಆದರೂ ನನ್ನ ಉತ್ಸಾಹ ಒಂದು ಚೂರೂ ಕುಗ್ಗಲಿಲ್ಲ. ಆಮೇಲೆ ಇಮ್ತಿಯಾಜನ ಮುಂದೆ ಮಾತ್ರ ಟಾಯ್ಲೆಟ್ ವಿಷಯ ಎತ್ತಲಿಲ್ಲ.

ನಮ್ಮ ನಿಜವಾದ ತೊಂದರೆ ಇದ್ದದ್ದು ಊಟದಲ್ಲಿ. ಮಿಂಚು ಮನೆಯಲ್ಲಿ ತಾನಾಗಿ ಒಂದು ಅಗುಳನ್ನೂ ಎತ್ತಿದವಳಲ್ಲ. ದಿನವೂ ಸಂಜೆ ಅವಳನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ, ಬೀದಿಯಲ್ಲಿ ನೀಲಿ ಟ್ರಾಮ್ ಬರುವುದನ್ನೇ ಕಾಯುತ್ತೇನೆ. ಟ್ರಾಮ್ ಕಂಡರೆ ಅವಳ ಬಾಯಿ ತೆರೆಯುತ್ತದೆ, ತಕ್ಷಣ ಒಂದು ತುತ್ತು ಮೊಸರನ್ನ ಒಳಗೆ ಹೋಗಬೇಕು. ಭಾನುವಾರ ಟ್ರಾಮ್‌ಗಳು ಕಡಿಮೆಯಾದ್ದರಿಂದ ಊಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ, ದಿನವಿಡೀ ಮೀಟಿಂಗುಗಳಲ್ಲಿ ಯಾರೂ ನನ್ನ ಮಾತು ಕೇಳದಿದ್ದರೂ, ಆ ಹೊತ್ತಿನಲ್ಲಿ ನಾನು ಬೇಕಾದವನು ಎನಿಸಿ ಎದೆ ತುಂಬಿ ಬರುತ್ತದೆ.

ಮೈಸೂರಿನಿಂದ ವಿಡಿಯೊ ಕಾಲಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ ಅಮ್ಮನಿಗೆ ಒಂದೇ ಚಿಂತೆ. "ಮನೇಲೇ ಹೀಗೆ. ಆ ದಾಗಿಸ್‌ನಲ್ಲಿ ಯಾರೋ ತುತ್ತು ಇಡೋರು? ಮಗು ಉಪವಾಸ ಇರತ್ತೆ ಕಣೋ." ನನ್ನ ಹೆಂಡತಿ ವಿದ್ಯಾಗೆ ಎರಡು ವರ್ಷ ಅರ್ಜಿ ಹಾಕಿ ಹಾಕಿ ಆಗಷ್ಟೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅಮ್ಮನ ಮಾತು ಅವಳನ್ನೂ ಕೊರೆಯತೊಡಗಿತು. "ನೀನೇ ಕಣ್ಣಾರೆ ನೋಡ್ಕೊಂಡು ಬಾ. ಅವಳು ಅಲ್ಲಿ ತಿಂತಿಲ್ಲ ಅಂದ್ರೆ ನಾನು ಕೆಲಸ ಬಿಡ್ತೀನಿ," ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಮರುವಾರವೇ ಒಂದು ಬೆಳಗ್ಗೆ ಟೀಚರ್ ಆನಿಕಾ ಫೋನ್ ಮಾಡಿದರು. ಅವರ ಜೊತೆಗಾರ್ತಿಗೆ ಜ್ವರ, ನಾನು ಬರಬೇಕು. ಲಾಟರಿ ಹೊಡೆದವನಂತೆ ಓಡಿದೆ. ಹೊರಗೆ ಆಟಕ್ಕೆ ಹೊರಡುವಾಗ ಹನ್ನೆರಡು ಮಕ್ಕಳಿಗೂ ಮೈಪೂರ್ತಿ ಮುಚ್ಚುವ ಚಳಿಯ ಓವರಾಲ್ ತೊಡಿಸುವುದು ನನ್ನ ಕೆಲಸವೆಂದು ಭಾವಿಸಿ ಮಂಡಿಯೂರಿದೆ. ಒಂದು ಮಗುವಿನ ಕಾಲನ್ನು ಓವರಾಲಿನ ತೋಳಿನೊಳಗೆ ತುರುಕಿ ಒದ್ದಾಡುತ್ತಿರುವಷ್ಟರಲ್ಲಿ ಹನ್ನೊಂದು ಮಕ್ಕಳು ತಾವೇ ತೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದವು. ನನ್ನ ಕೈಗೆ ಸಿಕ್ಕ ಹನ್ನೆರಡನೆಯ ಮಗು ಮಾತ್ರ ಅಳುತ್ತಿತ್ತು. ಆನಿಕಾ ಬಂದು ಅದನ್ನು ನನ್ನಿಂದ ಬಿಡಿಸಿದರು.

ಆಮೇಲೆ ಊಟ. ಬೇಯಿಸಿದ ಆಲೂಗಡ್ಡೆ, ಬೇಳೆಯ ವಡೆಯಂಥದ್ದೊಂದು, ಗಟ್ಟಿ ಬ್ರೆಡ್ಡು. ನಾನು ಎದೆ ಹಿಡಿದುಕೊಂಡು ಮಿಂಚುವನ್ನೇ ನೋಡಿದೆ. ಆ ಕಿಟಕಿಯಿಂದ ಟ್ರಾಮ್ ಕಾಣುವುದಿಲ್ಲ, ಕಾಣುವುದು ಪೈನ್ ಮರ ಮಾತ್ರ. ಇನ್ನೇನು ಉಪವಾಸವೇ ಗತಿ ಎಂದುಕೊಂಡೆ. ನನ್ನ ಮಗಳು ತಾನೇ ಬಡಿಸಿಕೊಂಡಳು. ಚಾಕುವಿನಿಂದ ಆಲೂಗಡ್ಡೆ ಕತ್ತರಿಸಿದಳು. ತಿಂದಳು. ಮತ್ತೆ ಬಡಿಸಿಕೊಂಡಳು! ಪಕ್ಕದ ಹುಡುಗನ ಲೋಟಕ್ಕೆ ಹಾಲು ಬಗ್ಗಿಸಿದಳು, ತಟ್ಟೆ ಒಯ್ದು ಎಂಜಲು ಪಾತ್ರೆಗಳ ತಳ್ಳುಗಾಡಿಯಲ್ಲಿಟ್ಟಳು. ನಾನು ಬ್ರೆಡ್ಡಿಗೆ ಕೈ ಹಾಕಿದಾಗ, "ಕೈ ತೊಳೆದೆಯಾ?" ಎಂದು ಸ್ವೀಡಿಷ್‌ನಲ್ಲಿ ಗದರಿದಳು. ಕುಣಿಯಬೇಕೆನಿಸುವಷ್ಟು ಖುಷಿಯಾಯಿತು ನನಗೆ. ಕೈ ತೊಳೆಯುತ್ತ ನಿಂತಾಗ ಮಾತ್ರ ಒಂದು ಪ್ರಶ್ನೆ ಎದ್ದಿತು. ಹಾಗಾದರೆ ನಮ್ಮ ಮನೆಯ ಟ್ರಾಮ್ ಏನು? ಆ ಒಂದೂವರೆ ಗಂಟೆ ಏನು?

ಸಂಜೆ ಮಿಂಚು ಏನೂ ಅರಿಯದವಳಂತೆ ಕಿಟಕಿಯ ಕಟ್ಟೆ ಏರಿ ಕೂತಳು. ನಾನು ಮೊಸರನ್ನ ಕಲಸಿದೆ. ವಿದ್ಯಾ ಫೋನ್ ಹಿಡಿದು ಎದುರು ನಿಂತಳು, ಅದರೊಳಗೆ ಅಮ್ಮ. "ಏನಾಯ್ತೋ? ತಿಂತಾಳಾ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಒಂದು ಕ್ಷಣ ನನ್ನ ಮನಸ್ಸು ಹೊಲಸು ಯೋಚನೆ ಮಾಡಿತು. 'ಏನೋ ಅಲ್ಪ ಸ್ವಲ್ಪ' ಎಂದುಬಿಟ್ಟರೆ ನನ್ನ ಈ ಕೆಲಸ ಉಳಿಯುತ್ತದೆ. ಆದರೆ ವಿದ್ಯಾಳ ಕೆಲಸ ಹೋಗುತ್ತದೆ. ಅವಳ ಮುಖ ನೋಡಿದೆ. "ತಾನೇ ಕತ್ತರಿಸ್ಕೊಂಡು, ಎರಡು ಸಲ ಬಡಿಸ್ಕೊಂಡು ತಿಂತಾಳಮ್ಮ. ನನಗಿಂತ ಚೆನ್ನಾಗಿ," ಎಂದೆ. ವಿದ್ಯಾ ಫೋನ್ ಸಮೇತ ಸೋಫಾದ ಮೇಲೆ ಕುಸಿದು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಅಮ್ಮ ಬೆರಗಾಗುತ್ತಾಳೆಂದುಕೊಂಡಿದ್ದೆ. ಅವಳು ನಗುತ್ತಿದ್ದಳು. "ಅದಕ್ಯಾಕೋ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ? ಆ ಊರಿನ ಊಟ ಇವಳಿಗೆ ಸೇರತ್ತೋ ಇಲ್ಲವೋ ಅಂತಷ್ಟೇ ನನಗೆ ಭಯ ಇತ್ತು. ನೀನೂ ಶಿಶುವಿಹಾರದಲ್ಲಿ ಡಬ್ಬಿ ಪೂರ್ತಿ ಖಾಲಿ ಮಾಡಿ, ಪಕ್ಕದವರ ಡಬ್ಬೀಗೂ ಕೈ ಹಾಕ್ತಿದ್ದೆಯಂತೆ. ಮೊದಲನೇ ವಾರಾನೇ ಟೀಚರ್ ನನಗೆ ಹೇಳಿದ್ರು. ಆಮೇಲೂ ನಾಲ್ಕು ವರ್ಷ ನಿನಗೆ ಕಾಗೆ ತೋರಿಸಿ ತೋರಿಸಿ ತಿನ್ನಿಸಿದೆ."

"ಗೊತ್ತಿದ್ದೂ ಯಾಕಮ್ಮ?"

"ನಿನಗೆ ಈ ಟ್ರಾಮ್ ಯಾಕೆ ಬೇಕೋ ಅದಕ್ಕೇ," ಎಂದಳು.

ಕಲಸಿದ್ದ ಮೊಸರನ್ನವನ್ನೇ ಮತ್ತೊಮ್ಮೆ ಕಲಸಿದೆ. ಅಮ್ಮನನ್ನು ನಾಲ್ಕು ವರ್ಷ ಯಾಮಾರಿಸಿದ್ದೆನೆಂದು ನಾನು ಮೂವತ್ತೈದು ವರ್ಷ ಒಳಗೊಳಗೇ ಬೀಗಿದ್ದೆ. ಅದೇ ಆಟವನ್ನು ಮಗಳು ನನ್ನ ಮೇಲೇ ಆಡಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅಷ್ಟರಲ್ಲಿ ಮಿಂಚು ನನ್ನ ತೋಳು ಜಗ್ಗಿದಳು. ಬೀದಿಯಲ್ಲಿ ಟ್ರಾಮ್ ಬಂದಿತ್ತು. ಅವಳು ಬಾಯಿ ತೆರೆದು, ಪಾಪ ಅಪ್ಪ ಎನ್ನುವಂತೆ ತಾಳ್ಮೆಯಿಂದ ಕಾಯುತ್ತಿದ್ದಳು.