ಡಬ್ಬಿಯೊಳಗಿನ ಡಾಲರ್

ಹಳೇಬೀಡಿನ ದೇವಸ್ಥಾನದಲ್ಲಿ ನಾನು ಗೈಡ್ ಕೆಲಸ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು. ಯಾರಾದರೂ ಶಿಲ್ಪದ ಬಗ್ಗೆ ಕೇಳಲಿ ಅಂತ ನಾನು ಕಾಯ್ತಿರ್ತೀನಿ. ಊರಲ್ಲಿ ಸಿಕ್ಕವರೆಲ್ಲ ಕೇಳೋದು ನನ್ನ ಡಬ್ಬಿಯ ಬಗ್ಗೆ. ಅಮೆರಿಕದ ಒಂದು ಡಾಲರ್ ನಾಣ್ಯ ಕೂಡಿಡೋ ಹವ್ಯಾಸ ನನ್ನದು. ಹಳೇ ಕಾಲದ ಬೆಳ್ಳಿಯವಲ್ಲ, ಈಚೆಗೆ ಬಂದ ಬಂಗಾರದ ಬಣ್ಣದವು. ಇದರಿಂದ ಲಾಭ ಅಂತ ಏನೂ ಆಗಿಲ್ಲ. ಆದರೆ ಡಬ್ಬಿ ಮನೆಗೆ ಬಂದಾಗಿನಿಂದ ವರ್ಷಕ್ಕೊಂದು ಪ್ರಸಂಗ ಮಾತ್ರ ತಪ್ಪಿಲ್ಲ.

ಒಂದಿದ್ದರೆ ಕಷ್ಟ

ಮೊದಲನೇ ನಾಣ್ಯ ಕೊಟ್ಟವರು ಒಬ್ಬ ವಯಸ್ಸಾದ ಅಮೆರಿಕದ ಹೆಂಗಸು. ಮಂಡಿನೋವು ಅವರಿಗೆ. ಮೆಟ್ಟಿಲು ಬಂದಲ್ಲೆಲ್ಲ ಮೊಣಕೈ ಹಿಡಿದು ಹತ್ತಿಸಿ ಇಳಿಸಿ, ಎರಡು ಗಂಟೆ ಹೊರಗೋಡೆಯೆಲ್ಲ ತೋರಿಸಿದ್ದೆ. ಹೊರಡುವಾಗ ನನ್ನ ಕೂಲಿ ಕೊಟ್ಟರು. ಆಮೇಲೆ ಚೀಲದೊಳಗೆ ತಡಕಾಡಿ ಒಂದು ಹೊಳೆಯೋ ನಾಣ್ಯ ತೆಗೆದು ನನ್ನ ಅಂಗೈಗೆ ಹಾಕಿ, ಬೆರಳುಗಳನ್ನ ಒಂದೊಂದಾಗಿ ಅವರೇ ಮುಚ್ಚಿದರು. ನಮ್ಮಜ್ಜಿ ಹಬ್ಬದ ದಿನ ಹೀಗೇ ಕೊಡ್ತಿದ್ದರು.

ಮಾರನೇ ದಿನ ಅದನ್ನ ಹಿಡ್ಕೊಂಡು ಬೇಲೂರಿನ ಒಂದು ಬ್ಯಾಂಕಿಗೆ ಹೋದೆ. ಕ್ಯಾಷಿಯರ್ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ತಳ್ಳಿದರು.

"ನೋಟಾಗಿದ್ರೆ ದೊಡ್ಡ ಬ್ರಾಂಚಿಗೆ ಕಳಿಸಬಹುದಿತ್ತು. ನಾಣ್ಯ ತಗೊಳ್ಳಲ್ಲ."

"ಯಾಕೆ ಸಾರ್? ಅದೂ ಡಾಲರ್, ಇದೂ ಡಾಲರ್ ಅಲ್ವಾ?"

"ಹೌದು ಕಣ್ರೀ. ಆದ್ರೆ ಇದನ್ನ ಮತ್ತೆ ಅಮೆರಿಕಕ್ಕೆ ಹೊತ್ಕೊಂಡು ಹೋಗೋರು ಯಾರು?"

ನಾಣ್ಯ ಜೇಬಿಗೆ ಹಾಕ್ಕೊಂಡು ಮನೆಗೆ ಬಂದೆ. ಆ ಚಳಿಗಾಲದಲ್ಲಿ ಪ್ರವಾಸಿಗಳು ಜಾಸ್ತಿ ಬಂದರು, ಕೈಗೆ ಇನ್ನೂ ಆರು ನಾಣ್ಯ ಸೇರಿದವು. ಒಂದಕ್ಕೆ ಆಗದ್ದು ಏಳಕ್ಕೆ ಆಗಬಹುದು ಅನ್ನೋ ಆಸೆಯಿಂದ ಅದೇ ಕೌಂಟರಿಗೆ ಹೋದೆ. ಕ್ಯಾಷಿಯರ್ ಈ ಸಲ ನಕ್ಕುಬಿಟ್ಟರು.

"ಒಂದಿದ್ರೆ ಕಷ್ಟ. ಏಳಾದ್ರೆ ಹವ್ಯಾಸ. ಹೋಗಿ ಒಂದು ಡಬ್ಬಿ ತಗೊಳ್ಳಿ."

ಮಾವನವರ ಪರೀಕ್ಷೆ

ನನ್ನ ಮಾವನವರು ಜಾವಗಲ್ ಕಡೆ ತೆಂಗಿನ ತೋಟದವರು. ಕೊಬ್ಬರಿ ಒಣಗಿಸಿ ಅರಸೀಕೆರೆ ಮಂಡಿಗೆ ಹಾಕ್ತಾರೆ. ಗೈಡ್‌ಗೆ ಮಗಳನ್ನ ಕೊಟ್ಟದ್ದು ಸರಿಯೋ ತಪ್ಪೋ ಅನ್ನೋ ಅನುಮಾನ ಅವರಿಗೆ ಬಹಳ ದಿನ ಇತ್ತು. ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮನೆಗೆ ಬಂದಾಗಲೆಲ್ಲ "ಜನ ಬರ್ತಾವ್ರಾ?" ಅಂತ ಕೇಳೋ ರೀತಿಯಲ್ಲೇ ನನಗೆ ಗೊತ್ತಾಗ್ತಿತ್ತು.

ಒಂದು ಸಲ ಬಂದವರು ಡಬ್ಬಿ ತೆಗೆದು ನೋಡಿದರು. ಕಿಟಕಿಯ ಬಿಸಿಲಿಗೆ ಒಳಗೆಲ್ಲ ಝಗಝಗ ಅಂತಿತ್ತು. ಮಾವನವರ ಮುಖವೂ ಹಾಗೇ ಆಯ್ತು.

"ಒಂದು ತಗೊಂಡು ಹೋಗಲಾ ಅಳಿಯಂದ್ರೇ? ಮನೇಲಿ ತೋರಿಸಿ ತಂದ್ಕೊಡ್ತೀನಿ."

"ತಗೊಂಡು ಹೋಗಿ ಮಾವ. ಆದ್ರೆ ಅದು..."

ಮುಂದಿನದನ್ನ ಕೇಳಿಸಿಕೊಳ್ಳೋಕೆ ಅವರು ನಿಲ್ಲಲಿಲ್ಲ. ಹದಿನೈದು ದಿನ ಬಿಟ್ಟು ವಾಪಸ್ ಬಂದರು. ನಾಣ್ಯವನ್ನ ಕರ್ಚೀಫಿನಿಂದ ಬಿಚ್ಚಿ ನನ್ನ ಮುಂದಿಟ್ಟು, ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು.

"ಅರಸೀಕೆರೇಲಿ ಆಚಾರ್ರ ಅಂಗಡಿಗೆ ಹೋಗಿದ್ದೆ. ಒರೆಗಲ್ಲಿಗೆ ಹಚ್ಚಿದ್ರು. ಚಿನ್ನ ಅಲ್ವಂತೆ ಕಣ್ರೀ, ತಾಮ್ರಕ್ಕೆ ಬೇರೆ ಏನೇನೋ ಬೆರೆಸವ್ರಂತೆ."

"ಅದನ್ನೇ ಹೇಳೋಕೆ ಬಂದೆ ಮಾವ ಅವತ್ತು."

"ಆಗ್ಲಿ. ನೀವು ಮಾತ್ರ ಯಾರಿಗೂ ಹೇಳ್ಬೇಡಿ. ನಮ್ಮಳಿಯಂಗೆ ಚಿನ್ನದಲ್ಲಿ ಸಂಬ್ಳ ಕೊಡ್ತಾರೆ ಅಂತ ಇಡೀ ಮಂಡಿಗೆ ಹೇಳ್ಬಿಟ್ಟಿದೀನಿ. ಆಚಾರ್ರು ಬಾಯಿ ಬಿಡದೇ ಇರ್ಲಿ ಅಂತ ಹತ್ತು ಕಾಯಿ ಕೊಟ್ಟು ಬಂದಿದೀನಿ."

ಹುಣಸೇಹಣ್ಣು

ಅರಸೀಕೆರೆಯಲ್ಲೇ ನನಗೆ ಒಬ್ಬ ಗುರುಗಳೂ ಸಿಕ್ಕರು. ರೈಲ್ವೆಯಿಂದ ನಿವೃತ್ತರಾದವರು, ನಲವತ್ತು ವರ್ಷದಿಂದ ನಾಣ್ಯ ಕೂಡಿಟ್ಟವರು. ಡಾಲರ್ ನಾಣ್ಯದ ಬೆಲೆ ಎಲ್ಲಿದೆ ಅಂತ ಹೇಳಿಕೊಟ್ಟವರು ಅವರೇ. "ಮುಖ ನೋಡ್ಬೇಡಿ, ಅಂಚು ನೋಡಿ" ಅಂತಿದ್ದರು. ಅಮೆರಿಕದ ಅಧ್ಯಕ್ಷರುಗಳ ಮುಖ ಇರೋ ನಾಣ್ಯಗಳಲ್ಲಿ ವರ್ಷ, ಟಂಕಸಾಲೆಯ ಗುರುತು ಎಲ್ಲ ಅಂಚಿನ ಮೇಲೆ ಕೊರೆದಿರುತ್ತೆ. ಅದಕ್ಕೆ ಬೇರೆಯೇ ಯಂತ್ರ. ಕೆಲವು ಆ ಯಂತ್ರಕ್ಕೆ ಸಿಗದೆ, ನುಣ್ಣನೆ ಅಂಚಿನಲ್ಲೇ ಹೊರಗೆ ಬಂದುಬಿಟ್ಟಿವೆಯಂತೆ. ಹವ್ಯಾಸಿಗಳು ಹುಡುಕೋದು ಅವನ್ನೇ. ಸರಿಯಾಗಿರೋದಕ್ಕೆ ಒಂದು ಡಾಲರ್, ತಪ್ಪಾಗಿರೋದಕ್ಕೆ ಅದರ ಎಷ್ಟೋ ಪಟ್ಟು!

ಆ ರಾತ್ರಿಯೇ ಡಬ್ಬಿ ಸುರುವಿಕೊಂಡು ಕೂತೆ. ಮೊದಲ ಅಧ್ಯಕ್ಷರ ಮುಖ ಇರೋ ಒಂದು ನಾಣ್ಯದ ಅಂಚು ಸವರಿದರೆ ಏನೂ ತಗಲಲಿಲ್ಲ. ಫೋಟೋ ತೆಗೆದು ಗುರುಗಳಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಮುಟ್ಬೇಡಿ. ಒರೆಸ್ಬೇಡಿ. ಭಾನುವಾರ ನಾನೇ ಬರ್ತೀನಿ."

ಅದು ಮಳೆಗಾಲ. ಪ್ರವಾಸಿಗಳಿಲ್ಲ, ಕೈಯಲ್ಲಿ ಕಾಸಿಲ್ಲ. ನಮ್ಮಮ್ಮನಿಗೆ ಕಣ್ಣು ಮಂಜಾಗಿ, ಅಕ್ಕಿಯಲ್ಲಿ ಕಲ್ಲು ಆರಿಸೋಕೂ ಆಗ್ತಿರಲಿಲ್ಲ. ನಾಣ್ಯ ಮಾರಿದರೆ ಹಾಸನಕ್ಕೆ ಕರ್ಕೊಂಡು ಹೋಗಿ ಒಳ್ಳೇ ಕನ್ನಡಕ ಮಾಡಿಸಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅಮ್ಮನಿಗೆ ಅದನ್ನ ಹೇಳಿರಲಿಲ್ಲ. ಅರಸೀಕೆರೆಯಿಂದ ದೊಡ್ಡವರೊಬ್ಬರು ನಾಣ್ಯ ನೋಡೋಕೆ ಬರ್ತಾರೆ, ಅಂತ ಮಾತ್ರ ಹೇಳಿದ್ದೆ.

ಭಾನುವಾರ ಗುರುಗಳು ಬಂದರು. ಜೇಬಿನಿಂದ ಭೂತಗನ್ನಡಿ, ಬಿಳೀ ಹತ್ತಿಯ ಕೈಗವಸು ತೆಗೆದು ತೊಟ್ಟುಕೊಂಡು ಕೂತರು. ಡಬ್ಬಿ ತೆಗೆದರೆ ಒಳಗಿದ್ದ ಅಷ್ಟೂ ನಾಣ್ಯ ಫಳಫಳ ಅಂತಿವೆ. ಹುಣಸೇಹಣ್ಣಿನ ವಾಸನೆ ಗಮ್ಮಂತ ಮೂಗಿಗೆ ಬಡೀತು.

"ಅಮ್ಮಾ!"

ಅಮ್ಮ ಸೆರಗಿಗೆ ಕೈ ಒರೆಸ್ಕೊಂಡು ಅಡುಗೆಮನೆಯಿಂದ ಬಂದರು. "ದೊಡ್ಡವರು ನೋಡೋಕೆ ಬರ್ತಾರೆ ಅಂದೆ. ಕಪ್ಪಗಾಗಿದ್ವು. ಗಲೀಜು ತೋರಿಸೋಕಾಗುತ್ತೇನೋ? ದೇವರ ಪಾತ್ರೆ ಜೊತೆ ತಿಕ್ಕಿಟ್ಟೆ."

ಗುರುಗಳು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆ ನಾಣ್ಯದ ಅಂಚು ನಿಜವಾಗಿಯೂ ನುಣ್ಣಗಿತ್ತು. ಆದರೆ ಮುಖದ ಮೇಲೆಲ್ಲ ತೆಂಗಿನ ನಾರಿನ ಗೀರು. ತಿಕ್ಕಿದ ನಾಣ್ಯವನ್ನ ಬಲ್ಲವರು ಯಾರೂ ಒಳ್ಳೇ ಬೆಲೆಗೆ ಕೊಳ್ಳಲ್ಲ ಅಂತ ನನಗೂ ಅಷ್ಟರಲ್ಲಿ ಗೊತ್ತಿತ್ತು. ಅವರು ನಿಧಾನವಾಗಿ ಕೈಗವಸು ಬಿಚ್ಚಿ ಮಡಿಸಿಟ್ಟು, ಅಮ್ಮ ಕೊಟ್ಟ ಕಾಫಿ ಪೂರ್ತಿ ಕುಡಿದು, ಎದ್ದು ಕೈ ಮುಗಿದರು.

"ತಾಯಿ, ನಮ್ಮನೆಗೆ ಬನ್ನಿ, ಊಟ ಮಾಡ್ಕೊಂಡು ಹೋಗಿ. ನಾಣ್ಯದ ಬೀರು ಇರೋ ಕೋಣೆಗೆ ಮಾತ್ರ ಬರಬೇಡಿ."

ಅವರು ಹೋದಮೇಲೆ ಅಮ್ಮ ಕೇಳಿದರು, "ಅವ್ರಿಗೆ ಬೇಜಾರಾಯ್ತೇನೋ?" ಇಲ್ಲ ಅಂದೆ. ನನಗೆ ಬೇಜಾರಾಗಿತ್ತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅಮ್ಮ ಮೊಸರಿನ ಪಾತ್ರೆ ಅಂದ್ಕೊಂಡು ಸುಣ್ಣದ ಡಬ್ಬಿಗೆ ಕೈ ಹಾಕಿದ್ದನ್ನ ನೋಡಿದೆ. ಕಣ್ಣು ಕಾಣದೆ ಇರೋರ ಮೇಲೆ ಸಿಟ್ಟು ಮಾಡ್ಕೊಂಡಿದ್ದೀನಲ್ಲ ಅಂತ ನನ್ನ ಮೇಲೇ ನಾಚಿಕೆ ಆಯ್ತು. ಚಳಿಗಾಲದಲ್ಲಿ ಪ್ರವಾಸಿಗಳು ಬಂದರು, ಕನ್ನಡಕವೂ ಬಂತು. ಅಮ್ಮ ಅದನ್ನ ಹಾಕ್ಕೊಂಡು ಮೊದಲು ಕೇಳಿದ್ದೇ ಆ ನಾಣ್ಯ. ಬೆಳಕಿಗೆ ಹಿಡಿದು ಗಾಬರಿಯಾದರು.

"ಅಯ್ಯೋ, ಇದು ಗಂಡಸಾ? ಉದ್ದ ಕೂದಲು ನೋಡಿ ಲಕ್ಷ್ಮಿ ಅಂದ್ಕೊಂಡು ಎರಡು ಸಲ ತಿಕ್ಕಿದ್ನಲ್ಲೋ!"

ಬಿಕ್ಕೋಡಿನ ಬಸ್ಸು

ಬಿಕ್ಕೋಡು ಹತ್ತಿರದ ಕಾಫಿ ಎಸ್ಟೇಟಿಗೆ ಬಂದಿದ್ದ ಅತಿಥಿಗಳಿಗೆ ದೇವಸ್ಥಾನ ತೋರಿಸಬೇಕಿತ್ತು. ಅವರನ್ನ ಕರ್ಕೊಂಡು ಬರೋಕೆ ಬೇಲೂರಿಂದ ಬಸ್ ಹತ್ತಿದೆ. ಪಕ್ಕದಲ್ಲಿ ಎಸ್ಟೇಟ್ ಕೆಲಸಕ್ಕೆ ಹೋಗೋ ಹೆಂಗಸೊಬ್ಬಳು, ಬೆನ್ನಿಗೆ ಸೀರೆ ತುಂಡಿನಲ್ಲಿ ಕಟ್ಟಿಕೊಂಡ ಮಗುವನ್ನ ಮುಂದಕ್ಕೆ ಎಳೆದುಕೊಂಡು ಕೂತಿದ್ದಳು. ನನ್ನ ಜೇಬಿನಲ್ಲಿ ಹಿಂದಿನ ದಿನ ಸಿಕ್ಕ ನಾಣ್ಯ ಇತ್ತು. ಅದರಲ್ಲಿರೋದು ಅಮೆರಿಕದ ಮೂಲನಿವಾಸಿ ತಾಯಿ, ಅವಳ ಬೆನ್ನಿಗೂ ಮಗು. ತೋರಿಸದೆ ಇರೋಕಾಗಲಿಲ್ಲ.

ಅವಳು ನಾಣ್ಯವನ್ನ ಮಗುವಿನ ಕೈಗೆ ಸಿಗದ ಹಾಗೆ ಎತ್ತಿ ಹಿಡಿದು ನೋಡಿದಳು. "ಕೂಸು ಮಲಗೈತೆ ಪಾಪ. ಇವ್ಳೂ ಕೆಲಸಕ್ಕೆ ಹೋಗೋಳಾ?"

"ಹೌದಮ್ಮ. ಯಾರೋ ದೊಡ್ಡವರು ಕಾಡು ಬೆಟ್ಟ ದಾಟಿ ದೇಶ ನೋಡೋಕೆ ಹೊರಟಿದ್ರು. ಅವರ ಜೊತೆ ಹೋಗಿ ಮಾತು ತಿಳಿಸಿದ್ಲು, ದಾರಿ ತೋರಿಸಿದ್ಲು. ಒಂಥರಾ ನನ್ನ ಕೆಲಸವೇ."

"ಕೂಸು ಹೊತ್ಕೊಂಡೇ?"

"ಕೂಸು ಹೊತ್ಕೊಂಡೇ."

ಅವಳು ನಾಣ್ಯವನ್ನ ಇನ್ನೊಂದು ಸಲ ತಿರುಗಿಸಿ ನೋಡಿದಳು. "ಕೂಲಿ ಏನು ಕೊಟ್ರಂತೆ?"

ಇಷ್ಟು ವರ್ಷ ಈ ಥರದ ನಾಣ್ಯ ನೋಡಿದವರು ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಓದಿದ್ದನ್ನೇ ಹೇಳಿದೆ. "ಅವಳಿಗೇನೂ ಕೊಡಲಿಲ್ಲವಂತೆ. ಜೊತೇಲಿದ್ದ ಗಂಡನಿಗೆ ಕೊಟ್ರಂತೆ."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡೋ ಹಾಗೆ ನಕ್ಕಳು. ನಾಣ್ಯ ನನ್ನ ಕೈಗಿಟ್ಟು ಸೀಟಿಗೆ ಒರಗಿದಳು.

"ಅಮೆರಿಕ ಅಂದ್ರೆ ಬಾಳ ದೂರ ಅಂದ್ಕೊಂಡಿದ್ದೆ ಕಣಣ್ಣ. ನಮ್ಮ ಕೂಲಿ ಲೈನ್ ಮನೆ ಪಕ್ಕದಲ್ಲೇ ಐತೆ ಬಿಡು."

ಎಳನೀರು

ಹೋದ ಬೇಸಿಗೆಯಲ್ಲಿ ಒಬ್ಬ ಅಮೆರಿಕದವರು ಬಂದಿದ್ದರು. ನಿವೃತ್ತ ಮೇಷ್ಟ್ರು. ಬಸ್ತಿಹಳ್ಳಿಯ ಬಸದಿಗಳನ್ನೂ ನೋಡಿ ದೇವಸ್ಥಾನದ ಮುಂದಕ್ಕೆ ವಾಪಸ್ ಬರೋಷ್ಟರಲ್ಲಿ ಬಿಸಿಲು ನೆತ್ತಿ ಸುಡ್ತಿತ್ತು. ಅವರು ಎಳನೀರಿನವನ ಮುಂದೆ ನಿಂತು ಹತ್ತು ರೂಪಾಯಿಯ ನಾಲ್ಕು ನಾಣ್ಯ ಚಾಚಿದರು. ಅವನು ತಲೆಯಾಡಿಸಿದ.

"ಇದು ನಡೆಯಲ್ಲ ಸಾರ್. ನೋಟು ಕೊಡಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಖೋಟಾನಾ ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಸಾರ್, ಸರ್ಕಾರದ್ದೇ. ಚಲಾವಣೇಲಿ ಇದೆ. ಯಾರೂ ತಗೊಳ್ಳಲ್ಲ ಅಷ್ಟೇ," ಅಂದೆ. ಹೇಳುವಾಗ ನನಗೇ ವಿಚಿತ್ರ ಅನ್ನಿಸಿತು.

ಅವರಿಗೆ ಕೋಪ ಬರುತ್ತೆ ಅಂದ್ಕೊಂಡರೆ ಮುಖ ಅರಳಿತು. ಇನ್ನೊಂದು ಜೇಬಿನಿಂದ ಒಂದು ಡಾಲರ್ ನಾಣ್ಯ ತೆಗೆದರು. ಇದರದ್ದೂ ಇದೇ ಕಥೆ ಅಂದರು. ಅವರೂರಲ್ಲೂ ಎಲ್ಲರಿಗೂ ನೋಟೇ ಬೇಕಂತೆ. ಅಂಗಡಿಯಲ್ಲಿ ಈ ನಾಣ್ಯ ಕೊಟ್ಟರೆ ಹುಡುಗಿ ಎರಡೂ ಕಡೆ ನೋಡಿ ಯಜಮಾನನನ್ನ ಕರೀತಾಳಂತೆ. ಮೇಜಿನ ಖಾನೆಯಲ್ಲಿ ಸುಮ್ಮನೆ ಬಿದ್ದಿರುತ್ತವೆ, ಅದಕ್ಕೇ ಪ್ರವಾಸ ಹೊರಟಾಗ ಕೊಡೋಕೆ ಅಂತ ತರೋದಂತೆ.

ನನಗೆ ಮನೆಯ ಡಬ್ಬಿ ನೆನಪಾಯ್ತು. "ಹಂಗಾದ್ರೆ ಇಷ್ಟು ವರ್ಷ ನನಗೆ ಎಲ್ಲರೂ ಕೊಟ್ಟದ್ದು...?"

ಅವರು ನನ್ನ ಭುಜದ ಮೇಲೆ ಕೈ ಇಟ್ಟರು. "ಪ್ರೀತಿಯಿಂದಲೇ ಕೊಟ್ಟಿರ್ತಾರೆ," ಅಂದರು. ಯೋಚನೆ ಮಾಡಿ, "ಖಾನೆಯೂ ಖಾಲಿ ಆಗಿರುತ್ತೆ" ಅಂತ ಸೇರಿಸಿದರು. ಇಬ್ಬರೂ ನಕ್ಕೆವು.

ಇದನ್ನೆಲ್ಲ ಎಳನೀರಿನವನು ಮಚ್ಚು ಹಿಡಿದುಕೊಂಡೇ ನೋಡ್ತಿದ್ದ. "ಅದೇನು ಸಾರ್, ಡಾಲರ್ರಾ? ಅದಾದ್ರೆ ಕೊಡಿ. ನಡೆಯುತ್ತೆ."

"ಲೋ, ಅದನ್ನ ಬ್ಯಾಂಕಿನೋರೇ ತಗೊಳ್ಳಲ್ಲ ಕಣೋ!"

"ಬ್ಯಾಂಕಿನೋರು ಎಳನೀರು ಮಾರ್ತಾರಾ ಸಾರ್? ನೀವು ಸುಮ್ಕಿರಿ."

ಮೇಷ್ಟ್ರು ನಗ್ತಾ ನಾಣ್ಯ ಕೊಟ್ಟರು. ಅವನು ಅದನ್ನ ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿ, ಒಂದು ಒಳ್ಳೇ ಎಳನೀರು ಕೆತ್ತಿ ಕೊಟ್ಟ. ಮೇಷ್ಟ್ರು ಕುಡಿದು ಹೊರಡೋಕೆ ನೋಡಿದರೆ ಅಡ್ಡ ನಿಂತ.

"ನಿಲ್ಲಿ ಸಾರ್, ಡಾಲರ್‌ಗೆ ಎಂಬತ್ತು ಅಂತ ಹಿಡಿಯೋಣ. ಎಳನೀರು ನಲವತ್ತು. ಮಿಕ್ಕಿದ್ದು ನನಗೆ ಬೇಡ, ನ್ಯಾಯ ಅಂದ್ರೆ ನ್ಯಾಯ."

ಗೋಣಿಚೀಲದ ಕೆಳಗಿಂದ ಚಿಲ್ಲರೆ ತೆಗೆದು ಮೇಷ್ಟ್ರ ಅಂಗೈಗೆ ಎಣಿಸಿದ. ನಾಲ್ಕೂ ಹತ್ತು ರೂಪಾಯಿ ನಾಣ್ಯ.

ನನಗೆ ತಡೆಯೋಕಾಗಲಿಲ್ಲ. "ಏನ್ಲಾ ಇದು? ಈಗ ತಾನೇ ಇದು ತಗೊಳ್ಳಲ್ಲ ಅಂದ್ಯಲ್ಲೋ?"

"ತಗೊಳ್ಳಲ್ಲ ಅಂದೆ ಸಾರ್. ಕೊಡಲ್ಲ ಅಂದ್ನಾ?"