ಎಮ್ಮೆ ಒಪ್ಪಿದ ಗೋಡೆ

ನಮ್ಮ ಸೋದರಮಾವ ಮನೆ ಕಟ್ಟುವಾಗ ಯಾರ ಮಾತನ್ನೂ ಕೇಳಲಿಲ್ಲ ಎಂದು ಕಮಲಾಪುರದವರು ಹೇಳುವುದು ಶುದ್ಧ ಸುಳ್ಳು. ಕೇಳಿದ. ಕಲಬುರಗಿಯಲ್ಲಿದ್ದ ನಮ್ಮ ಮನೆಯ ಎಮ್ಮೆಯ ಮಾತು ಕೇಳಿದ.

ಆಗ ನಿಜಾಮರ ಕಾಲ. ಮಾವ ಜಂಗಲಾತ್ ಇಲಾಖೆಯಲ್ಲಿ ಮೂವತ್ತು ವರ್ಷ ಕಾಡು ಕಾದು, ಪಿಂಚಣಿ ಪಡೆದು ಕಮಲಾಪುರಕ್ಕೆ ಮರಳಿದ್ದ. ಮಕ್ಕಳಿರಲಿಲ್ಲ. ಬಂದ ವರ್ಷವೇ ಅತ್ತೆ ತೀರಿಕೊಂಡಳು. ಆರು ತಿಂಗಳು ಸುಮ್ಮನೆ ಕೂತಿದ್ದವನು ಒಂದು ದಿನ ಎದ್ದು, ಗಟ್ಟಿಮುಟ್ಟಾದ ಕಲ್ಲಿನ ಮನೆಯನ್ನು ಬಿಟ್ಟು ಅದರ ಹಿತ್ತಲಿನಲ್ಲಿ ದಿಮ್ಮಿಗಳ ಮನೆ ಕಟ್ಟುತ್ತೇನೆಂದ. ಅಗೆದಲ್ಲೆಲ್ಲ ಕಲ್ಲು ಸಿಗುವ ಸೀಮೆಯಲ್ಲಿ ಮರದ ಗೋಡೆ! ಬಡಿಗನಿಗೆ ದಿಕ್ಕೇ ತೋಚಲಿಲ್ಲ.

"ಸಾಹೇಬರ, ಬಾಗಿಲಾ ಮಾಡೀನಿ, ಬಂಡಿ ಮಾಡೀನಿ, ತೊಟ್ಟಲಾ ಮಾಡೀನಿ. ಗ್ವಾಡಿ ಮಾಡಿಲ್ಲರಿ."

"ಈಗ ಮಾಡು."

"ಗೆದ್ದಲಕ್ಕ ಏನ್ ಹೇಳ್ತೀರಿ?"

"ಸಾಗವಾನಿ ಅದ ಅಂತ ಹೇಳ್ತೀನಿ."

ದಿಮ್ಮಿಗಳು ಕಲಬುರಗಿಗೆ ರೈಲಿನಲ್ಲಿ ಬರಬೇಕಿತ್ತು. ಅವು ಬರುವವರೆಗೆ ಮಾವ ನಮ್ಮ ಮನೆಯಲ್ಲಿ ಉಳಿದ. ಗೋಡೆ ಹೇಗಿರಬೇಕೆಂಬುದು ಅವನಿಗಿನ್ನೂ ತೀರ್ಮಾನವಾಗಿರಲಿಲ್ಲ. ದಿಮ್ಮಿಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸುವುದೇ? ಕಂಬ ನಿಲ್ಲಿಸಿ ಹಲಗೆ ಬಡಿಯುವುದೇ? ಅಡ್ಡಡ್ಡ ಮಲಗಿಸಿ, ಮೂಲೆಗಳಲ್ಲಿ ಕಚ್ಚು ಕೊಯ್ದು ಒಂದರೊಳಗೊಂದು ಕೂರಿಸುವುದೇ? ಮೂರು ದಿನ ಅಂಗಳದಲ್ಲಿ ಕೂತು ಜೋಳದ ದಂಟಿನಿಂದ ಮೂರು ಪುಟ್ಟ ಮನೆಗಳನ್ನು ಕಟ್ಟಿದ. ಊಟಕ್ಕೆ ಕರೆದರೆ ದಂಟಿನ ಕಡೆ ನೋಡುತ್ತಲೇ ಬರುತ್ತಿದ್ದ.

ನಾಲ್ಕನೆಯ ದಿನ ನಮ್ಮ ಎಮ್ಮೆ ಹಗ್ಗ ಬಿಚ್ಚಿಕೊಂಡಿತು. ನಾನು ಓಡಿ ಬರುವಷ್ಟರಲ್ಲಿ ಎರಡು ಮನೆ ಅದರ ಹೊಟ್ಟೆಯಲ್ಲಿ, ಮೂರನೆಯದು ಅದರ ಕೋಡಿನಲ್ಲಿ. ಮಾವ ಬೈಯುತ್ತಾನೆಂದು ಹೆದರಿದೆ. ಅವನ ಮುಖ ಅರಳಿತ್ತು.

"ನೋಡಿದಿ ಏನವಾ? ನಿಂದರಿಸಿದ್ದು ಒಂದೊಂದ ಕಿತ್ತು ತಿಂತು. ಹಲಗಿದು ಒಂದ ಹೊಡತಕ್ಕ ಬಿತ್ತು, ಅದನ್ನೂ ತಿಂತು. ಕಚ್ಚ ಹಾಕಿದ್ದು ಕ್ವಾಡಿಗೆ ಸಿಕ್ಕು ಇಡೀ ಮನಿನೇ ಎದ್ದು ಬಂತು. ಬಿಚ್ಚಲಿಲ್ಲ."

ಅಂದು ಎಮ್ಮೆಗೆ ತಾನೇ ಒಂದು ಸೇರು ಹತ್ತಿಕಾಳು ತಿನ್ನಿಸಿದ.

ದಿಮ್ಮಿಗಳು ಬಂದವು, ಕಮಲಾಪುರದಲ್ಲಿ ಮನೆ ಎದ್ದಿತು. ಆದರೆ ಮರ ಇನ್ನೂ ಹಸಿ. ಬೇಸಿಗೆಗೆ ದಿಮ್ಮಿಗಳು ಒಣಗಿ, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟವು. ಹಿತ್ತಲ ಪಕ್ಕದ ದಾರಿಯಲ್ಲಿ ಹೋಗುವವರು ಇಣುಕಿ, "ಸಾಹೇಬರ, ಇವತ್ತೂ ಪುಂಡಿಪಲ್ಯೆ ಏನ್ರಿ?" ಎಂದು ಕೇಳತೊಡಗಿದರು. ಮಾವ ಆ ಪುಂಡಿಸೊಪ್ಪಿನ ಗಿಡದ ನಾರನ್ನೇ ಮಣ್ಣಿನಲ್ಲಿ ಕಲಸಿ ಸಂದುಗಳಿಗೆ ತುಂಬಿದ. ಇಣುಕುವುದು ನಿಂತಿತು. ಅದರೊಂದಿಗೆ ಆ ಒಂದು ಮಾತೂ ನಿಂತಿತು. ಹೊರಗೆ ನಗುವವರು ಬಹಳ ಮಂದಿ ಇದ್ದರು, ಒಳಗೆ ಬಂದು ಕೂಡುವವರಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ನಾನು ಬಂಡಿ ಕಟ್ಟಿಸಿಕೊಂಡು ಹೋದೆ. ಅವನನ್ನು ಕಲಬುರಗಿಗೆ ಕರೆತಂದೇ ತೀರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೊತ್ತು ಇಳಿಯುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆ 'ಟಕ್' ಎಂದಿತು.

"ಓ," ಎಂದ ಮಾವ.

"ಯಾರು ಕರದ್ರು ಮಾಮಾ?"

ಅವನು ತಲೆ ತಗ್ಗಿಸಿದ. "ಯಾರಿಲ್ಲವಾ. ಬಿಸಲು ಇಳದ್ರ ಕಟ್ಟಿಗಿ ಸಪ್ಪಳ ಮಾಡ್ತದ. ಜಂಗಲದಾಗ ನಾನು ನಿಮ್ಮತ್ತಿ ಕಟ್ಟಿಗಿ ಮನ್ಯಾಗೇ ಇದ್ವಿ. ಟಕ್ ಅಂದ್ರ ಅಕಿ ಕರದ್ಲು ಅಂತ ನಾ 'ಓ' ಅಂತಿದ್ದೆ, ನಾ ಕರದೆ ಅಂತ ಅಕಿ 'ಓ' ಅಂತಿದ್ಲು. ಕಲ್ಲಿನ ಮನ್ಯಾಗ ಏನೂ ಕೇಳಸ್ತಿರಲಿಲ್ಲ. ನಾ 'ಓ' ಅಂದು ಎಷ್ಟೋ ದಿನ ಆಗಿತ್ತು."

ಆಮೇಲೆ ನನಗೆ ನೀರು ತರಲೆಂದು ಕೊಡ ಹಿಡಿದು ಬಾವಿಗೆ ಹೋದ. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಗೋಡೆ ಮತ್ತೆ 'ಟಕ್' ಎಂದಿತು. ಮಾವ ಒಳಗಿರಲಿಲ್ಲ. ಅತ್ತೆಯನ್ನು ಕಾಯಿಸಬಾರದೆನಿಸಿತು.

ನಾನೇ "ಓ" ಎಂದೆ.